ಉಸಿರು ತೆಗೆದುಕೊಂಡ ಫಿಲ್ಟರ್

ಅಕ್ಕನ ಪಿತ್ತಕೋಶದಲ್ಲಿ ಕಲ್ಲಿತ್ತು. ಮರುದಿನ ಆಪರೇಷನ್. ಆಸ್ಪತ್ರೆಗೆ ಹೊರಡುವಾಗ ಅವಳು ತಮ್ಮನಿಗೆ ಮನೆಯ ಕೀಲಿ ಕೊಟ್ಟು, ಗ್ಯಾಸು, ನಲ್ಲಿ, ಬಾಗಿಲು ಯಾವುದರ ಸುದ್ದಿಯನ್ನೂ ಎತ್ತದೆ, ಸೀದಾ ಮೀನಿನ ತೊಟ್ಟಿಯ ಮುಂದೆ ನಿಲ್ಲಿಸಿದಳು.

"ಇವನು ಯಜಮಾನ," ಎಂದು ಜೇನುಬಣ್ಣದ ಗಂಡು ಗೌರಾಮಿ ಮೀನನ್ನು ತೋರಿಸಿದಳು. "ಮೇಲೆ ಮೂಲೇಲಿ ನೊರೆ ಇದ್ಯಲ್ಲ, ಅದು ಇವನು ಉಗುಳು ಹಚ್ಚಿ ಕಟ್ಟಿರೋ ಗೂಡು. ಒಳಗೆ ಮೊಟ್ಟೆ ಇದೆ."

"ಬಾಯಲ್ಲೇ ಮನೆ ಕಟ್ತಾನೆ ಅನ್ನು. ನಮ್ಮ ಭಾವನ ಹಾಗೆ."

"ನಿಮ್ಮ ಭಾವ ಕಟ್ಟಿದ್ದು ಇನ್ನೂ ಬಾಯಲ್ಲೇ ಇದೆ. ಇವನು ಕೆಲಸಗಾರ. ಕೇಳು ಇಲ್ಲಿ. ನೀರು ಸ್ವಲ್ಪ ಜೋರಾಗಿ ಓಡಿದ್ರೂ ಗೂಡು ಚೆದುರಿಹೋಗತ್ತೆ. ಅದಕ್ಕೇ ಫಿಲ್ಟರ್ ಬಾಯಿಗೆ ಸ್ಪಂಜ್ ಹಾಕಿದೀನಿ. ಕೊಳೆ ಕಟ್ಟಿದ್ರೆ ತೊಳ್ದು ಹಾಕು. ಎಷ್ಟು ಕಾದ ಮೇಲೆ ಇಟ್ಟಿರೋ ಮೊಟ್ಟೆ ಕಣೋ ಇವು."

ತಮ್ಮನ ಹೊಟ್ಟೆಪಾಡೂ ಬಾಯಿಂದಲೇ. ಕಾರ್ಟೂನುಗಳಿಗೆ ಧ್ವನಿ ಕೊಡುವುದು ಅವನ ಕಸುಬು. ಬಾತುಕೋಳಿ, ಕೆಟ್ಟು ನಿಂತ ಲಾರಿ, ಕುದಿಯುವ ಕೆಟಲ್ಲು, ಎಲ್ಲರೂ ಅವನ ಗಂಟಲಿನಲ್ಲೇ ಬಿಡಾರ ಹೂಡಿದ್ದರು.

ಮಧ್ಯಾಹ್ನ ನೋಡಿದರೆ ಸ್ಪಂಜಿನ ಮೇಲೆ ಕಂದು ಲೋಳೆ. ತೆಗೆದ, ನಲ್ಲಿಯ ಕೆಳಗೆ ಚೆನ್ನಾಗಿ ತೊಳೆದ, ಬಾಲ್ಕನಿಯ ತಂತಿಗೆ ಕ್ಲಿಪ್ಪು ಹಾಕಿ ನೇತುಹಾಕಿದ. ಸ್ಟುಡಿಯೋದಲ್ಲಿ ಮೈಕಿನ ಸ್ಪಂಜನ್ನು ತೊಳೆದ ಮೇಲೆ ಪೂರ್ತಿ ಒಣಗಿಸದೆ ಹಾಕುವ ಹಾಗಿರಲಿಲ್ಲ. ಕೈ ತನಗೆ ಗೊತ್ತಿದ್ದ ಕೆಲಸ ಮಾಡಿತ್ತು.

ಟೀ ಕುಡಿದು ಬಂದು ತೊಟ್ಟಿ ನೋಡಿದ. ಬರಿಬಾಯಿಯ ಫಿಲ್ಟರ್ ನೀರನ್ನು ನೇರ ಗೂಡಿಗೇ ಉಗಿಯುತ್ತಿತ್ತು. ನೊರೆಯ ಒಂದು ಪದರ ಕಿತ್ತು ಹೋಗಿ, ಸಾಸಿವೆಗಿಂತ ಚಿಕ್ಕ ಮೊಟ್ಟೆಗಳು ದಿಕ್ಕಾಪಾಲಾಗಿದ್ದವು. ಯಜಮಾನ ಬೆಂಕಿ ಬಿದ್ದ ಮನೆಯವನಂತೆ ಒಳಗೂ ಹೊರಗೂ ಓಡುತ್ತಿದ್ದ. ತಮ್ಮ ಪ್ಲಗ್ಗನ್ನೇ ಕಿತ್ತ. ನೀರು ನಿಂತಿತು. ಸ್ಪಂಜು ಒಣಗಿದ ಮೇಲೆ ಹಾಕಿದರಾಯಿತು ಎಂದುಕೊಂಡ.

ಸಂಜೆಯಾದರೂ ಅದು ಒಣಗಲಿಲ್ಲ. ಹೋಗಿ ಮುಟ್ಟಿ ನೋಡುವುದು, ಬಂದು ತೊಟ್ಟಿ ನೋಡುವುದು. ಅದೇ ತೊಟ್ಟಿಯಲ್ಲಿದ್ದ ಸಣ್ಣ ಟೆಟ್ರಾ ಮೀನುಗಳು ಗಾಳಿ ಸಾಲದೆ ಒಂದೊಂದಾಗಿ ಮೇಲೆ ಬಂದು ಬಾಯಿ ಬಿಡತೊಡಗಿದವು. ಅಷ್ಟರಲ್ಲಿ ಫೋನು.

"ಫಿಲ್ಟರ್ ಓಡ್ತಿದ್ಯಾ?"

"ಓಡ್ದೆ ಏನು."

"ಫೋನ್ ಅದ್ರ ಹತ್ರ ಹಿಡಿ. ಆ ಸದ್ದು ಕೇಳಿದ್ರೆ ನಿದ್ದೆನಾದ್ರೂ ಬರತ್ತೆ."

ನಾಳೆ ಹೊಟ್ಟೆ ಕೊಯ್ಯಿಸಿಕೊಳ್ಳುವವಳಿಗೆ ಈಗ ನಿಜ ಹೇಳಿದರೆ ಪಿತ್ತ ನೆತ್ತಿಗೇರುವುದು ಖಂಡಿತ. ತಮ್ಮ ಫೋನನ್ನು ತುಟಿಯ ಹತ್ತಿರ ತಂದ. ಮೂಗಿನಲ್ಲಿ ಮೋಟಾರು, ಕೆನ್ನೆಯಲ್ಲಿ ನೀರು, ನಾಲಿಗೆಯ ತುದಿಯಲ್ಲಿ ಆಗೊಂದು ಈಗೊಂದು ಗುಳ್ಳೆ. ಬಾಳಿನಲ್ಲೇ ಅಷ್ಟು ಚೆನ್ನಾಗಿ ಮಾಡಿರಲಿಲ್ಲ. ಅಕ್ಕ "ಹ್ಞೂಂ" ಎಂದು ಇಟ್ಟಳು.

ಬೆವರೊರೆಸಿಕೊಳ್ಳುವ ಮೊದಲೇ ಮತ್ತೆ ಫೋನು.

"ನಮ್ಮ ಫಿಲ್ಟರ್ ಯಾವಾಗಿಂದ ಉಸಿರು ತಗೊಳ್ತಿದೆ?"

ಅವನ ನಾಲಿಗೆ ಒಣಗಿತು. ಸ್ಪಂಜಿಗಿಂತ ಬೇಗ.

"ಮಧ್ಯ ಒಂದ್ಸಲ ಉಗುಳೂ ನುಂಗ್ತು. ಏನು ಮಾಡಿಟ್ಟಿದೀಯ, ಹೇಳು."

ಎಲ್ಲ ಹೇಳಿದ. ಆ ಕಡೆ ನರ್ಸ್ ಬಿಪಿ ನೋಡಬೇಕು, ಫೋನ್ ಇಡಿ ಎನ್ನುವುದು ಕೇಳಿಸಿತು. "ಈಗ ನೋಡಿದ್ರೆ ನಿಮಗೇ ಬಿಪಿ ಬರತ್ತೆ, ಸ್ವಲ್ಪ ತಾಳಿ," ಎಂದಳು ಅಕ್ಕ. ಆಮೇಲೆ ಇವನಿಗೆ: "ಹಾಗೇ ಆನ್ ಮಾಡ್ಬೇಡ. ಒಳಗೆ ನಿಂತ ನೀರು ಕೆಟ್ಟಿರತ್ತೆ, ಎಲ್ಲಾ ಮೊಟ್ಟೆ ಮೇಲೆ ಕಕ್ಕತ್ತೆ. ಬಕೆಟ್ಟಿಗೆ ತೊಟ್ಟಿ ನೀರು ತಗೊಂಡು ಫಿಲ್ಟರ್ನ ಅದ್ರಲ್ಲಿ ಜಾಲಿಸು. ಸ್ಪಂಜೂ ಅದೇ ನೀರಲ್ಲಿ ಹಿಂಡಿ ಹಾಕು."

"ಅದು ಇನ್ನೂ ಒಣಗಿಲ್ಲ ಅಕ್ಕ."

"ನೀರೊಳಗೆ ಹಾಕೋದನ್ನ ಯಾಕಪ್ಪಾ ಒಣಗಿಸ್ತೀಯ?"

ಅವನು ಹೋಗಿ ತಂತಿಯಿಂದ ಸ್ಪಂಜನ್ನು ತಂದ. ಅಲೆಯೇಳದಂತೆ ಫಿಲ್ಟರನ್ನು ಎತ್ತಿದ. ಜಾಲಿಸಿದ, ಹಿಂಡಿದ, ಸ್ಪಂಜು ತೊಡಿಸಿದ, ಅಕ್ಕ ಹೇಳಿದಂತೆ ಅದರ ಮುಖವನ್ನು ಗಾಜಿನ ಕಡೆ ತಿರುಗಿಸಿದ. ಪ್ಲಗ್ ಹಾಕಿದ.

"ಒಂದು ಎಲೆ ಚೂರು ನೀರಿಗೆ ಬಿಡು. ಗೂಡಿನ ಹತ್ರ ನಡೀಬೇಕು, ಓಡ್ಬಾರ್ದು."

ಚೂರು ಗಾಜಿಗೆ ಒರಗಿ ಬಂತು, ಗೂಡಿನ ಬಳಿ ದಾರಿ ಕೇಳುವವರ ಹಾಗೆ ನಿಂತಿತು, ಮೆಲ್ಲಗೆ ಹಿಂದಕ್ಕೆ ಹೋಯಿತು.

"ನಡೀತಿದೆ."

"ಫೋನ್ ಹಿಡಿ." ಹಿಡಿದ. "ಏನೂ ಕೇಳ್ತಿಲ್ಲ."

"ಅಷ್ಟು ಮೆತ್ತಗಿದೆ."

"ಹೇಗೆ ನಂಬ್ಲಿ?"

ಲಾರಿಯನ್ನೂ ಬಾತುಕೋಳಿಯನ್ನೂ ಲೋಕಕ್ಕೆ ನಂಬಿಸಿದವನ ಬಳಿ ಈಗ ತೋರಿಸಲು ಒಂದು ಸದ್ದೂ ಇರಲಿಲ್ಲ.

"ಸರಿ, ಮಾತಾಡು," ಎಂದಳು. "ಮಾತಾಡ್ತಾ ಫಿಲ್ಟರ್ ಆಗೋಕೆ ನಿನಗೂ ಬರಲ್ಲ. ನಿನ್ನ ಮಾತಿನ ಹಿಂದಿರೋ ಸದ್ದು ನಾನು ಹುಡುಕ್ಕೋತೀನಿ."

ಅವನು ಫೋನನ್ನು ಗಾಜಿಗೆ ಆನಿಸಿದ. ಯಾರ ಧ್ವನಿಯೂ ಅಲ್ಲದ ತನ್ನದೇ ಧ್ವನಿ, ತುಸು ತುಕ್ಕು ಹಿಡಿದಿತ್ತು. "ಟೆಟ್ರಾಗಳು ಕೆಳಗಿಳೀತಿವೆ. ಗೂಡು ಅರ್ಧ ಇದೆ. ಯಜಮಾನ ಆ ಮೂಲೆಗೆ ಹೋದ. ಅಲ್ಲೊಂದು ಮೊಟ್ಟೆ ತೇಲ್ತಿದೆ. ಬಾಯಿಗೆ ಹಾಕ್ಕೊಂಡ. ಅಕ್ಕ, ತಿಂದ್ಬಿಟ್ನೇನೋ."

"ತಾಳು."

"ವಾಪಸ್ ಬರ್ತಿದಾನೆ. ಗೂಡಿನ ಕೆಳಗೆ ನಿಂತ." ಅವನು ಉಗುಳು ನುಂಗಿದ. "ಒಳಗೆ ಇಟ್ಟ."

ಆ ಕಡೆ ಬಿಪಿ ಪಟ್ಟಿಗೆ ಗಾಳಿ ಒತ್ತುವ ಪುಸ್ ಪುಸ್ ಸದ್ದು. ಅಣಕಿಸಲು ಹೇಳಿ ಮಾಡಿಸಿದಂಥದ್ದು. ಅವನು ಅದರ ಗೊಡವೆಗೆ ಹೋಗಲಿಲ್ಲ.

"ಸಿಕ್ತು ಸದ್ದು," ಎಂದಳು ಅಕ್ಕ, ಮೆಲ್ಲಗೆ. "ನಿಲ್ಲಿಸ್ಬೇಡ. ಇನ್ನೊಂದಕ್ಕೆ ಹೋದ್ನಾ?"

"ಹೋದ."