ಡಿ ವಿಭಾಗದ ಸಿಂಹ

ಎಂಟನೆಯ ತರಗತಿಗೆ ಸಂಖ್ಯಾಶಾಸ್ತ್ರದ ಮೊದಲ ಪಾಠ ಹೇಳುವ ದಿನ ಸರಾಸರಿ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬರುತ್ತಿದ್ದರು. ಉಳಿದ ದಿನಗಳಲ್ಲಿ ಅವರ ಅಂಗಿಗಳಿಗೆ ಅಷ್ಟು ಭಾಗ್ಯ ಇರಲಿಲ್ಲ. ಈ ಅಡ್ಡಹೆಸರನ್ನು ಇಟ್ಟವರು ಮಕ್ಕಳು. ಅದು ಕಿವಿಗೆ ಬಿದ್ದಾಗ ಮೇಷ್ಟ್ರು ಬೇಜಾರು ಮಾಡಿಕೊಳ್ಳಲಿಲ್ಲ. ತನ್ನ ಎತ್ತರ ಸರಾಸರಿ, ತೂಕ ಸರಾಸರಿ, ಬುದ್ಧಿಯೂ ಸರಾಸರಿ, ಸಂಬಳವೊಂದು ಮಾತ್ರ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಎಂದು ತಾವೇ ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಆ ಮೊದಲ ಪಾಠ ಅವರ ಜೀವ. ಎಲ್ಲ ಅಂಕಿಯೂ ಅಳತೆಯಲ್ಲ, ಕೆಲವು ಅಂಕಿ ಬರೀ ಹೆಸರು ಎಂಬುದು ಅದರ ಸಾರ. ಇಪ್ಪತ್ತನೇ ನಂಬರಿನ ಬಸ್ಸು ಹತ್ತನೇ ನಂಬರಿನ ಬಸ್ಸಿಗಿಂತ ಎರಡರಷ್ಟು ಉದ್ದ ಇರುತ್ತದೇನ್ರೋ ಎಂದು ಕೇಳುತ್ತಿದ್ದರು. ಒಂದರಿಂದ ಹನ್ನೊಂದರವರೆಗೆ ಬೆನ್ನ ಮೇಲೆ ನಂಬರು ಹಾಕಿಕೊಂಡ ಆಟಗಾರರ ಸರಾಸರಿ ತೆಗೆದರೆ ಆರು ಬರುತ್ತದೆ, ಹಾಗಂತ ತಂಡವೆಲ್ಲ ಆರನೆಯವನ ಹಾಗೆ ಆಡುತ್ತದೇನು ಎನ್ನುತ್ತಿದ್ದರು. ಇಂಥದ್ದಕ್ಕೆ ನಾಮಸೂಚಕ ದತ್ತಾಂಶ ಅಂತ ಹೆಸರು. ಯಾವುದರಲ್ಲಿ ಎಷ್ಟು ಜನ ಅಂತ ಎಣಿಸಬಹುದು, ಯಾವುದರಲ್ಲಿ ಹೆಚ್ಚು ಜನ ಅಂತಲೂ ಹೇಳಬಹುದು, ಆದರೆ ಯಾವುದು ಮೇಲು ಯಾವುದು ಕೀಳು ಅನ್ನುವ ಹಾಗಿಲ್ಲ. ಕೊನೆಗೆ ಬೋರ್ಡಿನ ಮೇಲೆ ದಪ್ಪಗೆ ಎ, ಬಿ, ಸಿ, ಡಿ ಎಂದು ಬರೆದು, ನಮ್ಮ ಶಾಲೆಯ ನಾಲ್ಕು ವಿಭಾಗಗಳೂ ಇಷ್ಟೇ, ಬರೀ ಹೆಸರು, ಎಂದು ಸೀಮೆಸುಣ್ಣ ಕೆಳಗಿಡುತ್ತಿದ್ದರು.

ಬರೀ ಹೆಸರಾಗುವಂತೆ ಮಾಡಿದವರೂ ಅವರೇ. ಮೊದಲು ಆ ಶಾಲೆಯಲ್ಲಿ ಜಾಣರೆಲ್ಲ ಎ ವಿಭಾಗಕ್ಕೆ, ಕೊನೆಗೆ ಉಳಿದವರು ಡಿ ವಿಭಾಗಕ್ಕೆ. ಮೇಷ್ಟ್ರು ಮುಖ್ಯೋಪಾಧ್ಯಾಯಿನಿಯಾದ ದೊಡ್ಡ ಮೇಡಂ ಬಳಿ ವರ್ಷಗಟ್ಟಲೆ ಜಗಳವಾಡಿ ಅದನ್ನು ನಿಲ್ಲಿಸಿದರು. ಈಗ ಬೇಸಿಗೆ ರಜೆಯಲ್ಲಿ ಸ್ಟಾಫ್ ರೂಮಿನ ಸ್ಟೀಲ್ ಜಗ್ಗಿಗೆ ಮಕ್ಕಳ ಹೆಸರಿನ ಚೀಟಿ ಹಾಕಿ, ಒಂದೊಂದಾಗಿ ಎತ್ತಿ ಸರದಿಯಂತೆ ನಾಲ್ಕು ವಿಭಾಗಕ್ಕೆ ಹಂಚುವುದು ಪದ್ಧತಿ. ಎತ್ತುವ ಕೈ ಪಿಟಿ ಮೇಷ್ಟ್ರದು. ಯಾವ ಮಗುವಿನ ಅಂಕ ಎಷ್ಟು ಎಂಬುದು ಅವರಿಗೆ ಗೊತ್ತಿರುವುದಿಲ್ಲ, ತಿಳಿಯುವ ಆಸೆಯೂ ಇಲ್ಲ.

ಆದರೂ ತಂದೆತಾಯಿ ಬಿಡಬೇಕಲ್ಲ. ಪ್ರತಿ ವರ್ಷವೂ ಮಕ್ಕಳಿಗೆ ಡಿ ಬಂದವರು ಮೇಷ್ಟ್ರ ಮುಂದೆ ಬಂದು ಕೈಮುಗಿದು ನಿಲ್ಲುತ್ತಿದ್ದರು. ಮೇಷ್ಟ್ರು ಅವರಿಗೆ ಕುರ್ಚಿ ಹಾಕಿ, ನೀರು ಕೊಟ್ಟು, ಬಸ್ಸಿನ ನಂಬರಿನಿಂದ ಶುರುಮಾಡಿ ಪಾಠವನ್ನು ಪೂರ್ತಿ ಹೇಳಿ ಕಳಿಸುತ್ತಿದ್ದರು. ಅವರು ತಲೆಯಾಡಿಸಿ ಹೋಗುತ್ತಿದ್ದರು. ಒಪ್ಪಿಕೊಂಡು ಹೋದರು ಎಂದು ಮೇಷ್ಟ್ರು ನಂಬಿದ್ದರು, ಸುಸ್ತಾಗಿ ಹೋದರು ಎಂದು ಹೆಂಡತಿ ಹೇಳುತ್ತಿದ್ದರು.

ಈ ಪಾಠವನ್ನು ನಿಜವಾಗಿ ನಂಬಿದವಳು ಲೋಕದಲ್ಲಿ ಒಬ್ಬಳೇ, ಮೇಷ್ಟ್ರ ಮಗಳು. ಹುಟ್ಟಿದಾಗಿನಿಂದ ಅದನ್ನೇ ಕೇಳಿ ಬೆಳೆದ ಹುಡುಗಿ. ಚಿಕ್ಕವಳಿದ್ದಾಗ ಓಟದ ಪಂದ್ಯದಲ್ಲಿ ಯಾರೋ ಅವಳ ಬೆನ್ನಿನ ನಂಬರು ನೋಡಿ, ನೀನು ಒಂಬತ್ತು, ನಾನು ಒಂದು ಎಂದು ಅಣಕಿಸಿದ್ದಕ್ಕೆ, ಅದು ಬರೀ ಹೆಸರು ಕಣೋ, ಓಡಿ ತೋರಿಸು ಎಂದಿದ್ದಳು. ಓಡಿ ಸೋತಳು, ಅದು ಬೇರೆ ಮಾತು. ಆ ದಿನ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮನೆಗೆ ಬಂದ ಮೇಷ್ಟ್ರಿಗೆ ನೆಲ ಕಾಣಲಿಲ್ಲ. ಇಷ್ಟು ವರ್ಷ ಪಾಠ ಹೇಳಿ ಒಬ್ಬರನ್ನಾದರೂ ಗೆದ್ದೆನಲ್ಲ ಎಂಬ ಸಮಾಧಾನ ಅವರಿಗೆ ಅವಳಿಂದಲೇ ಸಿಕ್ಕಿದ್ದು.

ಈ ವರ್ಷ ಅವಳೂ ಅದೇ ಶಾಲೆಯಲ್ಲಿ ಎಂಟನೆಯ ತರಗತಿಗೆ ಬಂದಳು. ಜಗ್ಗಿಗೆ ಅವಳ ಚೀಟಿಯೂ ಬಿತ್ತು. ಪಿಟಿ ಮೇಷ್ಟ್ರು ಕೈ ಹಾಕಿ ಎತ್ತಿ, ಹೆಸರು ಓದಿ, ಡಿ ಎಂದರು.

ಸ್ಟಾಫ್ ರೂಮಿನ ಕಣ್ಣುಗಳೆಲ್ಲ ಮೇಷ್ಟ್ರ ಮೇಲೆ ಬಿದ್ದವು. ಮೇಷ್ಟ್ರು ನಕ್ಕು, ಬರೀ ಹೆಸರು ತಾನೇ, ಮುಂದಿನ ಚೀಟಿ ಎತ್ತಿ, ಎಂದರು. ಮುಖ ನಗುತ್ತಿತ್ತು, ಕೈ ಮಾತ್ರ ಮಗಳ ಚೀಟಿಯನ್ನು ಎತ್ತಿಕೊಂಡು ಹೆಸರು ಸರಿಯಿದೆಯೇ ಎಂದು ತಿರುಗಿಸಿ ನೋಡುತ್ತಿತ್ತು. ಎಲಾ ಪಂಡಿತ, ಈಗ ಯಾಕೆ ತಿರುಗಿಸಿ ನೋಡುತ್ತೀಯ ಎಂದು ಅವರು ತಮ್ಮ ಕೈಯನ್ನೇ ಬೈದುಕೊಂಡರು.

ದಾರಿಯುದ್ದಕ್ಕೂ ಕಾರಣ ಹುಡುಕಿದರು. ಡಿ ಕೋಣೆ ಕಾರಿಡಾರಿನ ಕೊನೆಯಲ್ಲಿದೆ, ಸೈಕಲ್ ಸ್ಟ್ಯಾಂಡಿನ ಗದ್ದಲ; ಕಿಟಕಿಯೊಂದರ ಚಿಲಕ ಬೀಳುವುದಿಲ್ಲ. ತನಗೆ ಆಗುತ್ತಿರುವ ಬೇಜಾರು ಚಿಲಕದ ಬಗ್ಗೆ, ಅಕ್ಷರದ ಬಗ್ಗೆ ಅಲ್ಲ ಎಂದು ಮನೆಯ ಬಾಗಿಲು ಮುಟ್ಟುವ ಹೊತ್ತಿಗೆ ತಮ್ಮನ್ನು ತಾವೇ ಒಪ್ಪಿಸಿಕೊಂಡಿದ್ದರು.

ಮಗಳು ವಿಷಯ ಕೇಳಿ ‘ಓ, ಸರಿ’ ಎಂದು ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿಕೊಂಡಳು. ಅಷ್ಟೇ. ಪಾಪ, ದುಃಖ ನುಂಗಿಕೊಳ್ಳುತ್ತಿದೆ ಮಗು ಎಂದು ಮೇಷ್ಟ್ರು ತಮ್ಮ ಪಾಲಿನ ಹಪ್ಪಳವನ್ನೂ ಅವಳ ತಟ್ಟೆಗೆ ಹಾಕಿದರು. ಅವಳು ನುಂಗುತ್ತಿದ್ದದ್ದು ಬರೀ ಅನ್ನ ಎಂಬುದು ಅವರಿಗೆ ಹೊಳೆಯಲಿಲ್ಲ. ಕನ್ನಡಕದ ಅಂಗಡಿ ನಡೆಸುವ ಹೆಂಡತಿ ಮಾತ್ರ ಗಂಡನ ಮುಖವನ್ನು ದಿಟ್ಟಿಸಿ ನೋಡಿದರು.

“ಎ ಆದ್ರೂ ಒಂದೇ, ಡಿ ಆದ್ರೂ ಒಂದೇ ಅಂತೀರಲ್ಲ ರೀ,” ಎಂದರು ಅವರು. “ಒಂದೇ ಆದ್ಮೇಲೆ ಎ ಗೆ ಹಾಕಿಬಿಡಿ. ಯಾರಿಗೇನು ನಷ್ಟ?”

ಇಷ್ಟು ವರ್ಷಗಳಲ್ಲಿ ಯಾವ ತಂದೆಯೂ ತಾಯಿಯೂ ಈ ಪ್ರಶ್ನೆ ಹಾಕಿರಲಿಲ್ಲ, ಪುಣ್ಯಕ್ಕೆ. ಚೀಟಿ ಬದಲಾಯಿಸುವುದು ಮೋಸ, ಅದು ತನ್ನಿಂದ ಸಾಧ್ಯವಿಲ್ಲ ಎಂದು ಮೇಷ್ಟ್ರು ಗಂಭೀರವಾಗಿ ಹೇಳಿ ಎದ್ದು ಹೋದರು. ಅದೇನೋ ನಿಜವೇ. ಚೀಟಿ ಬದಲಾಯಿಸುವಷ್ಟು ಧೈರ್ಯ ಅವರಿಗಿರಲಿಲ್ಲ. ಅದಕ್ಕಿಂತ ದೊಡ್ಡ ಕೆಲಸ ಮಾಡುವಷ್ಟು ಬುದ್ಧಿ ಇತ್ತು, ಕೆಟ್ಟದ್ದು ಅಲ್ಲೇ.

ಮರುದಿನ ದೊಡ್ಡ ಮೇಡಂ ಎದುರು ಕೂತು ಹೊಸ ವಾದ ಹೂಡಿದರು. ಅಕ್ಷರಗಳೇ ತಪ್ಪು ಮೇಡಂ, ಎ ಮೊದಲು ಬರುತ್ತೆ, ಡಿ ಕೊನೆಗೆ ಬರುತ್ತೆ, ಜನ ಅದರಲ್ಲೇ ಮೇಲು ಕೀಳು ಓದಿಕೊಳ್ತಾರೆ. ಹಿಂದುಮುಂದು ಇಲ್ಲದ ನಾಲ್ಕು ಹೆಸರು ಇಟ್ಟುಬಿಡೋಣ, ಪ್ರಾಣಿಗಳದ್ದಾದರೆ ಮಕ್ಕಳಿಗೂ ಖುಷಿ. ದೊಡ್ಡ ಮೇಡಂ ಅವರಿಗೆ ಮೇಷ್ಟ್ರ ಮೇಲೆ ಮೊದಲಿನಿಂದಲೂ ಗೌರವ. ಹೆಸರು, ಬೋರ್ಡು ಎಲ್ಲ ನೀವೇ ನೋಡಿಕೊಳ್ಳಿ ಎಂದುಬಿಟ್ಟರು. ತನ್ನ ಮಗಳ ಹೆಸರನ್ನು ಬಾಯಲ್ಲಿ ಎತ್ತದೆಯೇ ಕೆಲಸ ಮುಗಿಸಿದ್ದಕ್ಕೆ ಮೇಷ್ಟ್ರು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು.

ಊಟದ ಮೇಜಿನ ಮೇಲೆ ಬಣ್ಣದ ಡಬ್ಬಿ, ಬ್ರಷ್ಷು, ನಾಲ್ಕು ಹಲಗೆ ಹರಡಿಕೊಂಡು ಕೂತರು. ಮೇಲು ಕೀಳಿಲ್ಲದ ನಾಲ್ಕು ಪ್ರಾಣಿ ಬೇಕು. ಮೊದಲು ಹೊಳೆದದ್ದು ಸಿಂಹ. ಅದು ಯಾವ ಕೋಣೆಗೆ ಎಂದು ಕೈಗೆ ಯಾರೂ ಹೇಳಿಕೊಡಬೇಕಾಗಲಿಲ್ಲ, ಹಳದಿ ಬಣ್ಣದಲ್ಲಿ ಕೇಸರ ಬಿಡಿಸಿ ಡಿ ಕೋಣೆಗೆಂದು ಪಕ್ಕಕ್ಕಿಟ್ಟರು. ಸಿ ಗೆ ಆನೆ ಬಂತು. ಬಿ ಗೆ ಜಿಂಕೆ. ಅಷ್ಟು ಹೊತ್ತಿಗೆ ಬೆನ್ನು ನೋವು, ಡಬ್ಬಿಯಲ್ಲಿ ಬಿಳಿ ಬಣ್ಣವೊಂದೇ ಉಳಿದಿತ್ತು. ಎ ವಿಭಾಗಕ್ಕೆ ಮೊಲ ಆಯಿತು. ವಿಭಾಗಗಳಿಗೆ ಮಕ್ಕಳನ್ನು ಹಂಚಲು ಜಗ್ಗು ತಂದವರಿಗೆ, ಕೋಣೆಗಳಿಗೆ ಪ್ರಾಣಿ ಹಂಚುವಾಗ ಜಗ್ಗಿನ ನೆನಪೇ ಆಗಲಿಲ್ಲ. ನೆನಪಾಗಿದ್ದರೂ ಅದರಲ್ಲಿ ನೀರು ತುಂಬಿದೆ ಎನ್ನುತ್ತಿದ್ದರೇನೋ.

ಶಾಲೆ ಶುರುವಾದ ದಿನವೇ ರಂಪ. ಎ ವಿಭಾಗದ ತಂದೆತಾಯಿಗಳು ಗುಂಪುಕಟ್ಟಿಕೊಂಡು ದೊಡ್ಡ ಮೇಡಂ ಕೋಣೆಗೆ ನುಗ್ಗಿದರು. ನನ್ನ ಮಗ ಯಾವ ಕ್ಲಾಸು ಅಂದರೆ ಕೋರ್ಟಿನಲ್ಲಿ ನಾಲ್ಕು ಜನರ ಮುಂದೆ ಮೊಲ ಅನ್ನಲೇ ಎಂದು ಒಬ್ಬ ವಕೀಲರು ಕೇಳಿದರು. ನನ್ನ ಮಗಳು ಮೊದಲೇ ಪುಕ್ಕಲು, ಈಗ ಮೊಲ ಬೇರೆ ಎಂದು ಒಬ್ಬ ತಾಯಿ ಕಣ್ಣೊರೆಸಿಕೊಂಡರು. ಅತ್ತ ಕಾರಿಡಾರಿನ ಕೊನೆಯಲ್ಲಿ ಡಿ ವಿಭಾಗದವರಿಗೆ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಿತ್ತು. ನೆನ್ನೆಯವರೆಗೂ ಕಣ್ಣೀರಿಟ್ಟವರು ಇಂದು ಮಕ್ಕಳನ್ನು ಸಿಂಹದ ಹಲಗೆಯ ಕೆಳಗೆ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ಅದೇ ಕೋಣೆ, ಅದೇ ಮೇಷ್ಟ್ರುಗಳು, ಅದೇ ಬೀಳದ ಚಿಲಕ.

ದೊಡ್ಡ ಮೇಡಂ ಮೇಷ್ಟ್ರನ್ನು ಕರೆಸಿದರು. ಎಲ್ಲರ ಎದುರಿಗೆ ಒಂದೇ ಪ್ರಶ್ನೆ ಕೇಳಿದರು, ಯಾವ ಕೋಣೆಗೆ ಯಾವ ಪ್ರಾಣಿ ಅನ್ನುವುದನ್ನು ಚೀಟಿ ಎತ್ತಿ ತಾನೇ ಮಾಡಿದ್ದು, ಎಂದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಮೇಷ್ಟ್ರು ಅಂಗೈ ನೋಡಿಕೊಂಡರು. ಉಗುರಿನ ಸಂದಿಯಲ್ಲಿ ಹಳದಿ ಬಣ್ಣ ಇನ್ನೂ ಹೋಗಿರಲಿಲ್ಲ. ಹೌದು ಎನ್ನಲು ಬಾಯಿ ತೆರೆದರು. ಆದರೆ ಸುಳ್ಳು ಹೇಳುವುದರಲ್ಲೂ ಅವರು ಸರಾಸರಿಯವರೇ, ಅರ್ಧಕ್ಕೆ ನಿಂತಿತು.

“ಇಲ್ಲ ಮೇಡಂ,” ಎಂದರು. “ನನ್ನ ಮಗಳು ಡಿ ಗೆ ಬಂದ್ಳು. ಅದಕ್ಕೇ ಅಲ್ಲಿಗೆ ಸಿಂಹ ಹಾಕ್ದೆ.”

ಮೊದಲು ನಕ್ಕವರು ವಕೀಲರು. ಹೋದ ವರ್ಷ ದೊಡ್ಡ ಮಗನಿಗೆ ಡಿ ಬಂದಾಗ ಇದೇ ಮೇಷ್ಟ್ರ ಕುರ್ಚಿಯಲ್ಲಿ ಕೂತು ಬಸ್ಸಿನ ನಂಬರಿನ ಪಾಠ ಕೇಳಿದ್ದರಂತೆ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ, ಅಲ್ವಾ ಮೇಷ್ಟ್ರೇ ಎಂದರು. ಹೌದು ಸ್ವಾಮಿ, ನಾನು ಮೂಟೆಗಟ್ಟಲೆ ತಿಂದಿದ್ದೇನೆ ಎಂದು ಮೇಷ್ಟ್ರು ಒಪ್ಪಿಕೊಂಡರು. ಆಗ ಎಲ್ಲರೂ ನಕ್ಕರು, ದೊಡ್ಡ ಮೇಡಂ ಕೂಡ ಮುಖ ತಿರುಗಿಸಿ ನಕ್ಕರು. ಮಧ್ಯಾಹ್ನದ ಹೊತ್ತಿಗೆ ಪ್ರಾಣಿಗಳೆಲ್ಲ ಕೆಳಗಿಳಿದು ಗೋಡೆಗೆ ಹಳೆಯ ಎ, ಬಿ, ಸಿ, ಡಿ ಮರಳಿದವು.

ಸಂಜೆ ಮೇಷ್ಟ್ರು ಹಗುರಾಗಿಯೇ ಮನೆಗೆ ಬಂದರು. ಮಾನ ಹೋಯಿತು, ನಿಜ. ಆದರೆ ಸತ್ಯ ಹೇಳಿದೆ, ಬೋರ್ಡು ಮೊದಲಿನಂತಾಯಿತು, ಯಾರಿಗೂ ನಷ್ಟವಾಗಲಿಲ್ಲ. ನಾಲ್ಕು ಜನ ನಕ್ಕರೆ ಮೈಗೇನು ಗಾಯವಾಗುತ್ತದೆಯೇ. ಮುಂದಿನ ವರ್ಷ ಮೊದಲ ಪಾಠಕ್ಕೆ ಬಸ್ಸು ಬಿಟ್ಟು ಇದನ್ನೇ ಉದಾಹರಣೆ ಕೊಡಬಹುದು ಎಂದೂ ಯೋಚಿಸಿದರು, ಮಕ್ಕಳು ಬಿದ್ದು ಬಿದ್ದು ನಗುತ್ತಾರೆ.

ಮಗಳು ನೆಲದ ಮೇಲೆ ಕೂತು ಪುಸ್ತಕಗಳಿಗೆ ಬೈಂಡ್ ಹಾಕುತ್ತಿದ್ದಳು. ನಡೆದದ್ದೆಲ್ಲ ಅವಳಿಗೂ ತಿಳಿದಿತ್ತು, ಶಾಲೆಯೆಲ್ಲ ಅದೇ ಮಾತು. ಮೇಷ್ಟ್ರು ಎದುರಿಗೆ ಕೂತು ಅಂಟಿನ ಡಬ್ಬಿ ಅವಳ ಕಡೆ ಸರಿಸಿ, ನಿಮ್ಮಪ್ಪನ ಬುದ್ಧಿ ನೋಡಿದೆಯಾ, ಸಿಂಹ ಬಿಡಿಸಲು ಹೋಗಿ ಮಂಗ ಆದೆ ಎಂದು ನಗಿಸಲು ನೋಡಿದರು. ಅವಳು ನಗಲಿಲ್ಲ. ಮೂಲೆ ಮಡಚಿ, ಅಂಟು ಹಚ್ಚಿ, ಅದು ಹಿಡಿಯುವವರೆಗೆ ಹೆಬ್ಬೆರಳಿನಲ್ಲಿ ಒತ್ತಿ ಹಿಡಿದಳು.

“ಅಪ್ಪಾ, ನನ್ನ ಎ ಗೆ ಹಾಕ್ಸಕ್ಕಾಗುತ್ತಾ?” ಎಂದಳು.

ಮೇಷ್ಟ್ರಿಗೆ ಮೊದಲು ಅರ್ಥವೇ ಆಗಲಿಲ್ಲ. ಅಭ್ಯಾಸಬಲದಿಂದ ಬಸ್ಸಿನ ನಂಬರು ನಾಲಿಗೆಯ ತುದಿಗೆ ಬಂತು. ಅಲ್ಲ ಪುಟ್ಟಿ, ಅದು ಬರೀ ಹೆಸರು, ನಿನಗೆ ಗೊತ್ತಲ್ಲ, ನಿನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು ಎನ್ನಲು ಹೊರಟರು. ಅವಳು ತಲೆಯೆತ್ತಿ ಅವರನ್ನು ನೋಡಿದಳು. ಆ ಕಣ್ಣಿನಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ಮೇಷ್ಟ್ರು ಹೇಗೋ ನಿಭಾಯಿಸುತ್ತಿದ್ದರು.

“ಡಿ ಅಂದ್ರೆ ಕಡಿಮೆ ಅಂತ ನಂಗೆ ಗೊತ್ತಿರ್ಲಿಲ್ಲ ಅಪ್ಪಾ,” ಎಂದಳು. “ನೀನು ಅದಕ್ಕೆ ಸಿಂಹ ಬರೆದ್ಮೇಲೇ ಗೊತ್ತಾಗಿದ್ದು.”

ಮೇಷ್ಟ್ರು ಅವಳ ಪಕ್ಕಕ್ಕೆ ಸರಿದು ಕೂತರು. ತಮ್ಮ ಮೇಲೆ ಒಂದು ನಗೆಚಾಟಿಕೆಯೂ ಹೊಳೆಯಲಿಲ್ಲ. ಅವರಿಗೆ ಅಳು ಬಂತು, ಅವಳ ಮುಂದೆಯೇ ಅತ್ತರು.