ಮೊದಲ ಸಾಲು

ಮಂಗಳಮ್ಮನನ್ನು ಮೊದಲ ಸಾಲಿನಲ್ಲಿ ನಿಲ್ಲಿಸಿದವರು ಗೌರವದಿಂದಲೇ ನಿಲ್ಲಿಸಿದ್ದರು.

"ದೊಡ್ಡೋರ್ನ ಇಂದ್ಗಡೆ ನಿಲ್ಸುದ್ರೆ ಜನ ಏನಂದಾರ್ಲಾ?" ಎಂದು ಓಟದ ಉಸ್ತುವಾರಿ ಹೊತ್ತಿದ್ದ ಕೆಂಪಸಿದ್ದಯ್ಯ ಹುಡುಗರನ್ನು ಗದರಿ, ಅವಳ ಕೈ ಹಿಡಿದು ಕರೆತಂದಿದ್ದ. "ಬಾ ಅಕ್ಕ, ಮುಂದಕ್ ಬಾ. ಪೋಟೋಕೂ ಚಂದ."

ಭಾನುವಾರ ಬೆಳಿಗ್ಗೆ ಆರೂ ಮುಕ್ಕಾಲು. ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ರಸ್ತೆಯ ಎಡ ಅರ್ಧ ಓಟಕ್ಕೆ, ಬಲ ಅರ್ಧ ಬಸ್ಸು ಬೈಕುಗಳಿಗೆ. ನಡುವೆ ಹಗ್ಗ ಕಟ್ಟಿದ್ದರು. ಮೂರು ಕಿಲೋಮೀಟರು, ನಡೆಯುವವರೂ ಸೇರಬಹುದು. ಮಂಗಳಮ್ಮನ ಬೆನ್ನ ಹಿಂದೆ ಇನ್ನೂರ ಹತ್ತು ಜನ.

ಈಗ ಹಿಂದೆ ಓಡುವವರ ನಡುವೆ ನಿಂತಿದ್ದ ಮೊಮ್ಮಗಳು ಅಮೃತ ಒಂದು ವಾರದಿಂದ ಹೇಳಿಕೊಟ್ಟಿದ್ದಳು. "ನಿಧಾನ ಹೋಗೋರು ಕೊನೇಲಿ ನಿಲ್ಬೇಕು ಅಜ್ಜಿ. ಸುಸ್ತಾದ್ರೆ ಗಕ್ಕನೆ ನಿಲ್ಬೇಡ, ಹಿಂದ್ನೋರು ಮೇಲೆ ಬೀಳ್ತಾರೆ. ಮೊದ್ಲು ಕೈ ಎತ್ತು. ಆಮೇಲೆ ಎಡಕ್ಕೆ ಸರ್ಕೋ. ಅಂಚಿಗೆ ಬಂದ್ಮೇಲೆ ನಿಲ್ಲು."

ಎರಡು ವರ್ಷದ ಹಿಂದೆ ಕೊಟ್ಟಿಗೆಯಲ್ಲಿ ಜಾರಿದಾಗ ಅವಳ ಎಡ ತೊಡೆಗೆ ರಾಡು ಹಾಕಿದ್ದರು. ನಡೆಯಿರಿ, ಆದರೆ ಇನ್ನೊಮ್ಮೆ ಬಿದ್ದರೆ ಏಳುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು.

"ಅಣ್ಣ, ನಾನು ಇಂದಕ್ ಓಯ್ತೀನಿ ಕಣಣ್ಣ."

"ಸುಮ್ಕಿರಕ್ಕ, ಯಾರ್ ನಿನ್ನ ತಿಂದ್ಕತಾರೆ!"

ಸುತ್ತಲಿನವರು ನಕ್ಕರು. ಸೀಟಿ ಊದಿದರು.

ಮೊದಲು ಕೇಳಿಸಿದ್ದು ಸದ್ದು. ಗುಳೆ ಎದ್ದ ಕುರಿಹಿಂಡು ಡಾಂಬರಿನ ಮೇಲೆ ನುಗ್ಗಿದಂಥ ಸದ್ದು, ಬೆನ್ನಿಗೇ ಬರುತ್ತಿತ್ತು. ಒಂದು ಮೊಣಕೈ ಭುಜಕ್ಕೆ ತಗುಲಿ ಹೋಯಿತು. ಯಾರದೋ ಬೂಟು ಸೀರೆಯ ಅಂಚನ್ನು ತುಳಿದು ಬಿಟ್ಟಿತು. ತೊಡೆಯ ಒಳಗೆ ತಣ್ಣಗಾಯಿತು. ಕಾಲು ಅಲ್ಲೇ ನಿಂತುಬಿಡಬೇಕು ಎನ್ನುತ್ತಿತ್ತು. ಕಣ್ಣು ಮುಚ್ಚಿ, ಕುಕ್ಕರಿಸಿ, ತಲೆ ಹಿಡಿದುಕೊಳ್ಳಬೇಕು ಎನ್ನುತ್ತಿತ್ತು.

ಗಕ್ಕನೆ ನಿಲ್ಬೇಡ.

ಮಂಗಳಮ್ಮ ಬಲಗೈ ಎತ್ತಿದಳು. ನಿಲ್ಲಲಿಲ್ಲ. ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಎಡಕ್ಕೆ.

"ಅಜ್ಜಿ ಅವ್ರೆ ಕಣ್ರಲಾ! ಬಲಕ್ ಓಗ್ರಿ, ಬಲಕ್ಕೆ!" ಹಿಂದಿನಿಂದ ಯಾರೋ ಕೂಗಿದರು. ಹಿಂಡು ಸೀಳಿತು. ಬೆವರಿನ ಗಾಳಿ ಎರಡೂ ಕಿವಿಗೆ ಬೀಸಿತು.

ಆ ನಡುವೆ ಅಮೃತ ಕಂಡಳು. ಅಜ್ಜಿಯನ್ನು ದಾಟಿದವಳು ತಿರುಗಿ ನೋಡಿ, ಓಟ ತಗ್ಗಿಸಿ, ಇನ್ನೇನು ನಿಲ್ಲುವುದರಲ್ಲಿದ್ದಳು. ಅವಳ ಹಿಂದೆಯೇ ಹತ್ತಿಪ್ಪತ್ತು ಜನ.

"ನಿಂತ್ಕಬ್ಯಾಡ ಕಣಮ್ಮಿ!" ಕೂಗು ಮಂಗಳಮ್ಮನ ಗಂಟಲು ಸೀಳಿ ಬಂತು. "ಇಂದೆ ಜನ ಅವ್ರೆ! ಓಡು!"

ಅಮೃತ ಓಡಿದಳು.

ರಸ್ತೆಯಂಚಿನ ಬಿಳಿ ಗೆರೆ ಕಾಲಿಗೆ ಸಿಕ್ಕಿತು. ಅದನ್ನು ದಾಟಿ, ಮಣ್ಣಿನ ಮೇಲೆ ಎರಡೂ ಪಾದ ಊರಿ, ಆಗ ನಿಂತಳು. ಕೊನೆಯವರು ಹೋದರು. ಸದ್ದು ದೂರವಾಯಿತು. ಹಗ್ಗದ ಈಚೆ ಯಾರೂ ಉಳಿಯಲಿಲ್ಲ.

ಹಗ್ಗದ ಆಚೆ ಮದ್ದೂರಿನ ಬಸ್ಸೊಂದು ವೇಗ ತಗ್ಗಿಸಿ ನಿಂತಿತು. ಕಂಡಕ್ಟರು ಬಾಗಿಲಿನಿಂದ ಬಗ್ಗಿ ಕೂಗಿದ: "ಬತ್ತೀಯೇನವ್ವ? ಬೇಗ ಬಾ!"

ಮಂಗಳಮ್ಮ ಆಗ ಮೇಲೆ ನೋಡಿದಳು. ಅವಳ ಬಲಗೈ ಇನ್ನೂ ಎತ್ತಿದಂತೆಯೇ ಇತ್ತು.