ಅರ್ಥಿಂಗ್ ಗುಂಡಿಯ ಸಸಿ

ನಾನು ವೈರಿಂಗ್ ಪರೀಕ್ಷಿಸಲು ಹೋದ ಹೊಸ ಮನೆಯ ಹಿತ್ತಲಲ್ಲಿ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಗುಂಡಿಯೇನೋ ಇತ್ತು. ಅದರೊಳಗೆ ತೆಂಗಿನ ಸಸಿ ನಿಂತಿತ್ತು.

"ಇದೇನ್ರೀ ವೀರಭದ್ರಯ್ಯನೋರೇ?"

"ಉಪ್ಪು ಹಾಕಿದ್ರು, ಇದ್ದಿಲು ಹಾಕಿದ್ರು. ಸಸಿಗೆ ಇನ್ನೇನ್ ಬೇಕು? ಅಂಥಾ ಗುಂಡಿ ಸುಮ್ನೆ ಮುಚ್ಚಾಕೆ ಮನ್ಸು ಬರ್ಲಿಲ್ಲ ಕಣಪ್ಪ," ಎಂದು ಮನೆಯೊಡೆಯರು ನಕ್ಕರು.

"ಒಳಗಿದ್ದ ಪೈಪು?"

"ಕಿತ್ತು ದನ ಕಟ್ಟೋ ಗೂಟ ಮಾಡ್ಕಂಡೆ."

"ಮತ್ತೆ ಅರ್ಥ್ ವೈರು?"

"ಅಟ್ಟದ ಕಬ್ಬಿಣಕ್ಕೆ ಬಿಗಿಸ್ದೆ. ಕಬ್ಬಿಣ ಆದ್ರಾಯ್ತಲ್ಲ?"

ಗೃಹಪ್ರವೇಶಕ್ಕೆ ಮೊದಲೇ ಆ ಅಟ್ಟದ ತುಂಬ ಕೊಬ್ಬರಿಗೆಂದು ಕಾಯಿ ಏರಿಸಿದ್ದರು. ಅಟ್ಟ ನಿಂತದ್ದು ಗೋಡೆಯ ಮೇಲೆ. ಅದರ ಕಬ್ಬಿಣ ಎಲ್ಲಿಯೂ ನೆಲ ಮುಟ್ಟಿರಲಿಲ್ಲ. ಮನೆಯ ಯಾವ ಯಂತ್ರದಲ್ಲಿ ಕರೆಂಟು ಸೋರಿದರೂ ನೆಲಕ್ಕೆ ಇಳಿಯದೆ ಅಲ್ಲಿಗೇ ಹೋಗುತ್ತದೆ.

ಅಟ್ಟದ ಕಬ್ಬಿಣಕ್ಕೆ ಟೆಸ್ಟರ್ ಇಟ್ಟೆ. ಉರಿಯಿತು. ಟೆಸ್ಟರೇ ಕೆಟ್ಟಿರಬಹುದೆಂದು ಬೇರೊಂದು ತಂದು ಇಟ್ಟೆ. ಅದೂ ಉರಿಯಿತು. ಅಡುಗೆಮನೆಯ ಗ್ರೈಂಡರಿನ ಪ್ಲಗ್ ಕಿತ್ತೆ, ಆರಿತು.

"ಅದಕ್ಕೇ ಏನೋ, ಕಾಯಿ ಇಳಿಸುವಾಗ ಕೈ ಜುಮ್ ಅಂತದೆ," ಎಂದರು ಅವರ ಹೆಂಡತಿ ಶಿವರುದ್ರಮ್ಮ. "ವಯಸ್ಸಾಯ್ತು ಅಂದ್ಕಂಡಿದ್ದೆ."

ವೈರಿಂಗ್ ಸರಿಯಿದೆ ಎಂಬ ನನ್ನ ಸಹಿ ಇಲ್ಲದೆ ಖಾಯಂ ಮೀಟರ್ ಸಿಗುವುದಿಲ್ಲ. ಕಟ್ಟಡದ ನಿಯಮ ವೈರಿಂಗಿನ ಬಗ್ಗೆ ಹೇಳುವುದು ಇಷ್ಟೇ: ವಿದ್ಯುತ್ ಸುರಕ್ಷತೆಯ ಮಾನದಂಡದಂತೆ ಇರಲಿ. ಕಟ್ಟಡ ನೋಡಲು ಬಂದವರು, ವೈರು ಕರೆಂಟಿನವರದು ಎಂದು ಹೋದರು. ನಕ್ಷೆಯಲ್ಲಿ ಅಟ್ಟವೇ ಇರಲಿಲ್ಲ, ಅದನ್ನೂ ಕೇಳಲಿಲ್ಲ. ಕರೆಂಟಿನವರು ಮೀಟರಿನಾಚೆ ನೋಡರು. ಎರಡೂ ನಿಯಮ ಸೇರುವ ಜಾಗದಲ್ಲಿ ನಿಂತವನು ಸಂಜೆ ಕಾಲೇಜಿನಲ್ಲಿ ಓದಿದ ವೈರಿಂಗ್ ಕಂಟ್ರಾಕ್ಟರ್ ನಾನೊಬ್ಬನೇ.

"ಸಸಿ ಕಿತ್ತು ಪೈಪು ಹಾಕಿ. ಗ್ರೈಂಡರ್ ರಿಪೇರಿ ಮಾಡ್ಸಿ. ಆಮೇಲೆ ಸಹಿ," ಎಂದೆ.

"ಸುಳಿ ಒಡೆದದೆ ಕಣಪ್ಪ, ಈಗ ಕೀಳ್ತಾರಾ? ನೀನೊಬ್ನೇನಾ ಕಂಟ್ರಾಕ್ಟ್ರು?" ಅವರು ಹುಳಿಯಾರಿನ ಇನ್ನೊಬ್ಬ ಕಂಟ್ರಾಕ್ಟರ್ ಸೂರ್ಯಪ್ರಕಾಶನಿಗೆ ಫೋನ್ ಹಚ್ಚಿದರು. ಸ್ಪೀಕರಿನಲ್ಲಿ ಅವನು ಕೇಳಿದ: "ಜಾಗಕ್ಕೆ ಬರ್ಬೇಕಾ ಯಜಮಾನ್ರೇ?"

"ಬ್ಯಾಡ ಬುಡು. ಸಹಿ ಸಾಕು."

"ಹಂಗಾರೆ ಈಗ್ಲೇ ಆಯ್ತು."

ಊಟ ಬೇಕೇ ಎಂದು ಕೇಳಿದಷ್ಟು ಸಲೀಸಾಗಿ ಹೇಳಿದ. ನಾನೂ ಅವನೂ ಒಂದೇ ಲೈಸೆನ್ಸಿನವರು.

ಶಿವರುದ್ರಮ್ಮ ಅಡುಗೆಮನೆಗೆ ಹೋಗಿ ಗ್ರೈಂಡರಿನ ಪ್ಲಗ್ ಮತ್ತೆ ಚುಚ್ಚಿ ಬಂದರು.

"ರೀ, ಚಪ್ಪಲಿ ಬಿಟ್ಟು ಅಟ್ಟ ಮುಟ್ಟಿ. ನಾನು ದಿನಾ ಮುಟ್ಟಾಕಿಲ್ವಾ?"

"ಬೇಡ ಅಮ್ಮಾ!" ಎಂದು ನಾನು ಮೇನ್ ಸ್ವಿಚ್‌ನತ್ತ ಓಡಿದೆ.

ಓಡಬೇಕಾಗಿರಲಿಲ್ಲ. ವೀರಭದ್ರಯ್ಯ ಅಟ್ಟದಿಂದ ದೂರ ಸರಿದು ಕೈ ಜೇಬಿಗಿಟ್ಟಿದ್ದರು. "ಹೆಸ್ರು ಬರ್ಕಳಪ್ಪ," ಎಂದರು ಫೋನಿಗೆ.

ಶಿವರುದ್ರಮ್ಮ ಅಟ್ಟದ ಏಣಿಯನ್ನು ಅಂಗಳಕ್ಕೆ ಎಳೆದು ಹಾಕಿದರು. "ಸಹಿ ಹಾಕ್ದೋನೇ ಬಂದು ಕಾಯಿ ಇಳಿಸ್ಕಳ್ಳಿ ಅನ್ನಿ."